ಮೊದಲ ಸಾಲಿನಲ್ಲಿ ಕೂತು ನಕ್ಕವರು

ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದದ್ದು. ನವೆಂಬರ್ ತಿಂಗಳು, ಕನ್ನಡ ರಾಜ್ಯೋತ್ಸವ. ಕ್ಯಾಂಟೀನಿನಲ್ಲಿ ಕೆಂಪು ಹಳದಿ ಬಾವುಟ, ಭುವನೇಶ್ವರಿಯ ಪಟ, ಬಾಡಿಗೆಗೆ ತಂದ ಮೈಕು. ಹಾಡುಗಳ ನಡುವೆ ಮೆಷಿನ್ ಶಾಪಿನ ಟರ್ನರ್ ಒಬ್ಬ ಮಿಮಿಕ್ರಿಗೆ ನಿಂತ. ಹದಿನೇಳು ವರ್ಷದ ಸರ್ವೀಸು. ಪ್ರತಿ ವರ್ಷ ಅವನದೊಂದು ಐಟಂ ಇರಲೇಬೇಕು. ರಾಜ್‌ಕುಮಾರ್ ದನಿ ಆಯಿತು, ಅಂಬರೀಷ್ ದನಿ ಆಯಿತು. ಆಮೇಲೆ ಪ್ಯಾಕಿಂಗ್ ಸೆಕ್ಷನ್ನಿನ ಒಬ್ಬ ಹುಡುಗಿಯ ದನಿ ತೆಗೆದ. ಆಕೆಗೆ ಉಗ್ಗು. ಮುಂದಿನ ತಿಂಗಳು ಮದುವೆ ಗೊತ್ತಾಗಿತ್ತು. ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತು ಗಂಡನ ಹೆಸರು ಹೇಳು ಅಂದರೆ, ಇವಳು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮೊದಲ ಮಗುವಿನ ನಾಮಕರಣವೇ ಆಗಿರುತ್ತದೆ ಎಂದು ಅವಳ ಮಾತನ್ನು ಎಳೆದೆಳೆದು ಆಡಿ ತೋರಿಸಿದ. ಇಡೀ ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಆಕೆ ಕೊನೆಯ ಸಾಲಿನಲ್ಲಿ ಕುಳಿತಿದ್ದಳು.

ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ಅಂದು ರಾತ್ರಿಯೇ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಯಿತು, ಮರುದಿನ ಫೇಸ್‌ಬುಕ್ಕಿಗೆ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಕಂಪನಿಯ ಹೆಸರು ಎದ್ದು ಕಾಣುತ್ತಿತ್ತು. ಇಂಥವರನ್ನು ಇಟ್ಟುಕೊಂಡಿರುವ ಕಂಪನಿಗೆ ನಾಚಿಕೆಯಾಗಬೇಕು ಎಂದು ಊರೂರಿನವರು ಬರೆದರು. ಮಾಲು ಕೊಳ್ಳುವ ದೊಡ್ಡ ಗಿರಾಕಿಯ ಕಚೇರಿಯಿಂದ ಇಮೇಲ್ ಬಂತು. ಶುಕ್ರವಾರ ಸಂಜೆ ಆಡಳಿತದವರು ಕೂತು ತೀರ್ಮಾನ ಮಾಡಿದರು: ಸೋಮವಾರದೊಳಗೆ ಅವನನ್ನು ಡಿಸ್‌ಮಿಸ್ ಮಾಡಬೇಕು. ಅದೇ ಸಂಜೆ ಲೇಬರ್ ಕಾಂಟ್ರ್ಯಾಕ್ಟರ್ ಆ ಹುಡುಗಿಗೂ ಫೋನ್ ಮಾಡಿ, “ಗಲಾಟೆ ತಣ್ಣಗಾಗೋವರೆಗೂ ಬರಬೇಡಮ್ಮ” ಅಂದ. ಕೆಲಸಕ್ಕೆ ಬರದ ದಿನ ಅವಳಿಗೆ ಸಂಬಳವಿಲ್ಲ.

ನಾನು ಮೂವತ್ತೊಂದು ವರ್ಷ ಕಾರ್ಖಾನೆಗಳ ಪರ್ಸನಲ್ ವಿಭಾಗದಲ್ಲಿ ದುಡಿದವನು. ನಿವೃತ್ತಿಯ ನಂತರ, ಕರೆದಲ್ಲಿಗೆ ಹೊರಗಿನ ವಿಚಾರಣಾಧಿಕಾರಿಯಾಗಿ ಹೋಗುತ್ತೇನೆ. ಎನ್‌ಕ್ವೈರಿ ಇಲ್ಲದೆ ಯಾರನ್ನೂ ತೆಗೆಯುವಂತಿಲ್ಲ ಎಂದು ಯೂನಿಯನ್ನಿನವರು ಕಾರ್ಖಾನೆಯ ಸೇವಾ ನಿಯಮಗಳ ಸ್ಟ್ಯಾಂಡಿಂಗ್ ಆರ್ಡರ್ ಪುಸ್ತಕ ಹಿಡಿದು ಪಟ್ಟು ಹಿಡಿದ ಮೇಲೆ ಆ ಕಡತ ನನ್ನ ಕೈಗೆ ಬಂತು. ಬಹಿರಂಗವಾಗಿ ಇನ್ನೊಬ್ಬರ ಮನಸ್ಸು ಮುರಿಯುವ ಜೋಕು ಮಾಡಿದವರನ್ನು ಕೆಲಸದಿಂದ ಕಿತ್ತುಹಾಕಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನಗೆ ಆ ಕಡತ ನೆನಪಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಶಿಕ್ಷೆ ಆಗಲೇಬೇಕು. ಆದರೆ ಮೊದಲ ತಪ್ಪಿಗೇ, ವಿಚಾರಿಸದೆ, ಹೊರಗಿನ ಗದ್ದಲಕ್ಕೆ ಹೆದರಿ ಅನ್ನ ಕಿತ್ತುಕೊಳ್ಳುವುದು ನ್ಯಾಯವಲ್ಲ. ಅದರಿಂದ ನೊಂದವರಿಗೆ ಏನೂ ದಕ್ಕುವುದಿಲ್ಲ, ಕೂತು ನಕ್ಕವರು ಮಾತ್ರ ಪಾರಾಗುತ್ತಾರೆ.

ಜೋಕು ತಾನೇ, ಅದಕ್ಯಾಕೆ ಇಷ್ಟೊಂದು ಎನ್ನುವವರ ಪರವಾಗಿ ನಾನು ಮಾತಾಡುತ್ತಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಕಾರ್ಖಾನೆಯ ಊಟದ ಮೇಜುಗಳಲ್ಲಿ ನಿಜವಾಗುವುದನ್ನು ಮೂರು ದಶಕ ನೋಡಿದ್ದೇನೆ. ಮೈಬಣ್ಣ, ಜಾತಿ, ಕುಳ್ಳಗಿನ ದೇಹ, ಕುಂಟುವ ಕಾಲು, ಕಲಬುರಗಿ ಕಡೆಯ ಮಾತಿನ ಧಾಟಿ, ಮಣಿಪುರದ ಹುಡುಗನ ಕಣ್ಣು, ಹೆಣ್ಣಿನ ನಡಿಗೆ, ಇವೆಲ್ಲ ಯಾರದೋ ನಗುವಿಗೆ ದಿನನಿತ್ಯದ ಸಾಮಗ್ರಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ವಿಶಾಖ ತೀರ್ಪು ಕೊಟ್ಟದ್ದು 1997ರಲ್ಲಿ. ಅದಕ್ಕೆ ಮುಂಚೆ, ದ್ವಂದ್ವಾರ್ಥದ ಮಾತು ಸಹಿಸಲಾಗದೆ ನನ್ನ ಮೇಜಿನ ಮುಂದೆ ಬಂದು ನಿಂತ ಹೆಣ್ಣುಮಕ್ಕಳಿಗೆ “ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಮ್ಮ, ತಮಾಷೆಗೆ ಅಂದಿರ್ತಾರೆ” ಎಂದು ನಾನೇ ಹೇಳಿ ಕಳಿಸಿದ್ದೇನೆ. ಹಾಗೆ ಹೇಳಿದ್ದು ತಪ್ಪು. ಅವರಲ್ಲಿ ಇಬ್ಬರು ತಿಂಗಳೊಪ್ಪತ್ತಿನಲ್ಲಿ ಕೆಲಸ ಬಿಟ್ಟರು. ಜೋಕು ಮಾಡಿದವರು ರಿಟೈರ್ ಆಗುವವರೆಗೂ ಇದ್ದರು. ಆದ್ದರಿಂದ, ಇಂದು ಒಬ್ಬನನ್ನು ತೆಗೆದರೆ ನಾಳೆ ಹತ್ತು ಜನ ನಾಲಿಗೆ ಬಿಗಿ ಹಿಡಿಯುತ್ತಾರೆ ಎಂದು ಯಾರಾದರೂ ಹೇಳಿದರೆ ಆ ಮಾತಿನ ಹಿಂದಿರುವ ಸಂಕಟ ನನಗೆ ಅರ್ಥವಾಗುತ್ತದೆ.

ಆದರೆ ಹಾಗೆ ತೆಗೆದ ಕಡೆ ಏನಾಯಿತು? 2013ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯವರ ದೊಡ್ಡ ಸಮ್ಮೇಳನ ನಡೆದಿತ್ತು. ಸಭೆಯಲ್ಲಿ ಕುಳಿತ ಇಬ್ಬರು ಗಂಡಸರು ಡಾಂಗಲ್ ಎಂಬ ಪುಟ್ಟ ಉಪಕರಣದ ಹೆಸರು ಹಿಡಿದು ತಮ್ಮತಮ್ಮಲ್ಲೇ ಅಶ್ಲೀಲ ಜೋಕು ಮಾಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ಮಹಿಳೆಯ ಕಿವಿಗೆ ಅದು ಬಿತ್ತು. ಆಕೆ ತಿರುಗಿ ಅವರ ಫೋಟೊ ತೆಗೆದು ಟ್ವಿಟರಿಗೆ ಹಾಕಿದರು. ಸಂಘಟಕರು ಆ ಇಬ್ಬರನ್ನು ಪಕ್ಕಕ್ಕೆ ಕರೆದು ಮಾತಾಡಿದರು, ಅವರು ತಪ್ಪಾಯಿತು ಎಂದರು. ವಿಷಯ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಒಬ್ಬನ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಮೂರು ಮಕ್ಕಳ ತಂದೆಯಾದ ಆತ ಕ್ಷಮೆ ಕೇಳಿ, ಕೆಲಸ ಹೋದದ್ದನ್ನೂ ಬರೆದುಕೊಂಡ. ಸಿಟ್ಟೆಲ್ಲ ಆ ಮಹಿಳೆಯ ಕಡೆ ತಿರುಗಿತು. ಕೊಲ್ಲುತ್ತೇವೆ, ಅತ್ಯಾಚಾರ ಮಾಡುತ್ತೇವೆ ಎಂಬ ಬೆದರಿಕೆಗಳು ಬಂದವು. ಆಕೆ ದುಡಿಯುತ್ತಿದ್ದ ಕಂಪನಿಯ ಜಾಲತಾಣದ ಮೇಲೆ ದಾಳಿ ನಡೆಯಿತು. ಆ ಕಂಪನಿ ಆಕೆಯನ್ನೂ ಕೆಲಸದಿಂದ ತೆಗೆಯಿತು. ಒಂದೇ ವಾರದೊಳಗೆ ಜೋಕು ಮಾಡಿದವನೂ ಬೀದಿಗೆ ಬಂದ, ದೂರಿದವಳೂ ಬಂದಳು.

ಪೀಣ್ಯದ ಆ ಶುಕ್ರವಾರ ಸಂಜೆಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಕಡೆ ಕಂಪನಿಗಳು ಉಳಿಸಿಕೊಳ್ಳಲು ಹೊರಟದ್ದು ತಮ್ಮ ಹೆಸರನ್ನು. ಇವನಿಂದ ಹೆಸರು ಕೆಡುತ್ತದೆ ಅನಿಸಿದಾಗ ಇವನನ್ನು ತೆಗೆ, ಇವಳಿಂದ ಗಲಾಟೆ ಹೆಚ್ಚುತ್ತದೆ ಅನಿಸಿದಾಗ ಇವಳನ್ನು ತೆಗೆ. ಗದ್ದಲಕ್ಕೆ ಹೆದರಿ ಶಿಕ್ಷೆ ಕೊಡುವ ಸಂಸ್ಥೆ ಯಾವ ಗದ್ದಲಕ್ಕಾದರೂ ಹೆದರುತ್ತದೆ. ಇವತ್ತು ಆ ಗದ್ದಲ ನಮ್ಮ ಪರವಾಗಿದೆ ಎಂದು ಸಂತೋಷಪಡುವವರು, ನಾಳೆ ಅದು ಯಾರ ಕಡೆ ತಿರುಗುತ್ತದೆ ಎಂದೂ ಯೋಚಿಸಬೇಕು.

ಬೇರೆ ದಾರಿಯೂ ಇದೆ. ನಮ್ಮ ಮನೆಯ ಹುಡುಗನೇ ಎಂದು ಕನ್ನಡಿಗರು ಹೆಮ್ಮೆಪಡುವ ಕ್ರಿಕೆಟಿಗ ಕೆ.ಎಲ್. ರಾಹುಲ್ ಅವರ ಪ್ರಕರಣವನ್ನೇ ನೋಡಿ. 2019ರ ಜನವರಿಯಲ್ಲಿ ಪ್ರಸಾರವಾದ ‘ಕಾಫಿ ವಿತ್ ಕರಣ್’ ಎಂಬ ಟಿವಿ ಕಾರ್ಯಕ್ರಮದ ಕಂತಿನಲ್ಲಿ ಅವರು, ಹಾರ್ದಿಕ್ ಪಾಂಡ್ಯ ಇಬ್ಬರೂ ಇದ್ದರು. ಅಲ್ಲಿ ಹೆಣ್ಣುಮಕ್ಕಳ ಬಗ್ಗೆ ಹರಟಿದ ಮಾತು ದೇಶದ ಸಿಟ್ಟಿಗೆ ಕಾರಣವಾಯಿತು. ಹೆಚ್ಚು ಮಾತಾಡಿದ್ದು ಪಾಂಡ್ಯ. ಆದರೆ ಸಿಟ್ಟು ಇಬ್ಬರ ಮೇಲೂ ಬಂತು. ಆಗ ಕ್ರಿಕೆಟ್ ಮಂಡಳಿಯನ್ನು ನಡೆಸುತ್ತಿದ್ದುದು ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಗಾರರ ಸಮಿತಿ. ವಿನೋದ್ ರಾಯ್ ಮತ್ತು ಮಹಿಳಾ ತಂಡದ ಮಾಜಿ ನಾಯಕಿ ಡಯಾನಾ ಎಡುಲ್ಜಿ ಅದರ ಸದಸ್ಯರು. ಏಕದಿನ ಸರಣಿ ಶುರುವಾಗುವ ಹೊತ್ತಿಗೆ ಇಬ್ಬರನ್ನೂ ಸಸ್ಪೆಂಡ್ ಮಾಡಿ ಆಸ್ಟ್ರೇಲಿಯಾದಿಂದ ವಾಪಸು ಕರೆಸಿದರು. ಎರಡು ವಾರದಲ್ಲಿ, ವಿಚಾರಣೆ ಬಾಕಿ ಇಟ್ಟು, ಸಸ್ಪೆನ್ಷನ್ ತೆರವಾಯಿತು. ರಾಹುಲ್ ಭಾರತ ‘ಎ’ ತಂಡಕ್ಕೆ ಬಂದು, ರಾಹುಲ್ ದ್ರಾವಿಡ್ ಅವರ ಗರಡಿಯಲ್ಲಿ ಆಡಿದರು. ಏಪ್ರಿಲ್‌ನಲ್ಲಿ ಮಂಡಳಿಯ ಒಂಬುಡ್ಸ್‌ಮನ್, ನಿವೃತ್ತ ನ್ಯಾಯಮೂರ್ತಿ ಡಿ.ಕೆ. ಜೈನ್, ಇಬ್ಬರ ಮಾತನ್ನೂ ಕೇಳಿ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಆ ವರ್ಷದ ವಿಶ್ವಕಪ್‌ನಲ್ಲಿ ಇಬ್ಬರೂ ಆಡಿದರು.

ಇದರಲ್ಲಿ ಸರಿಯಾದದ್ದು ಬಹಳ ಇದೆ. ತಪ್ಪನ್ನು ತಪ್ಪು ಎಂದರು. ಕೂಡಲೇ ದೂರ ಇಟ್ಟರು. ಕೇಳಿದರು. ತೂಗಿ ದಂಡ ಹಾಕಿದರು. ಆಮೇಲೆ ಬದುಕಲು ಬಿಟ್ಟರು. ಅಂದು ಆ ಇಬ್ಬರ ಬದುಕನ್ನೇ ಮುಗಿಸಿಬಿಡಿ ಎಂದು ಕೂಗಿದವರು ಕಡಿಮೆಯಿರಲಿಲ್ಲ. ಅವರ ಮಾತು ಕೇಳಿದ್ದರೆ, ಮುಂದೆ ಭಾರತ ತಂಡದ ನಾಯಕತ್ವ ವಹಿಸಿದ ಆಟಗಾರನೊಬ್ಬ 26ನೇ ವಯಸ್ಸಿಗೇ ಮನೆಗೆ ಹೋಗುತ್ತಿದ್ದ.

ಆದರೆ ಕೊನೆಯ ಹೆಜ್ಜೆ ನನಗೆ ಸಮಾಧಾನ ಕೊಡಲಿಲ್ಲ. 20 ಲಕ್ಷದಲ್ಲಿ 10 ಲಕ್ಷ ಹುತಾತ್ಮರಾದ ಹತ್ತು ಅರೆಸೇನಾ ಪೇದೆಗಳ ಕುಟುಂಬಗಳಿಗೆ, ಇನ್ನು 10 ಲಕ್ಷ ಅಂಧರ ಕ್ರಿಕೆಟ್ಟಿಗೆ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಆಡಿಕೊಂಡದ್ದು ಹೆಣ್ಣುಮಕ್ಕಳನ್ನು. ಆ ಹಣದಲ್ಲಿ ಒಂದು ರೂಪಾಯಿಯೂ ಹೆಣ್ಣುಮಕ್ಕಳ ಕಡೆಗೆ ಹೋಗಲಿಲ್ಲ. ಒಂದು ಜಿಲ್ಲೆಯ ಬಾಲಕಿಯರ ಕ್ರಿಕೆಟ್ ಶಿಬಿರಕ್ಕೂ ಅಲ್ಲ. ಏಟು ಬಿದ್ದದ್ದು ಒಂದು ಕಡೆ, ಮುಲಾಮು ಹಚ್ಚಿದ್ದು ಇನ್ನೊಂದು ಕಡೆ. ಇನ್ನು, ಆ ಮಾತಿಗೆ ಅಲ್ಲೇ ಕೂತು ನಕ್ಕವರು, ಕೂಡಿಸಿ ಕತ್ತರಿಸಿ ಪ್ರಸಾರಕ್ಕೆ ಸಿದ್ಧಮಾಡಿದವರು? ಕಂತನ್ನು ಆಮೇಲೆ ಅಳಿಸಿದರು, ಅಷ್ಟೇ.

ಈಗ ಕಾನೂನಿಗೆ ಬರುತ್ತೇನೆ. ಅವಸರದಲ್ಲಿರುವ ಮ್ಯಾನೇಜರುಗಳಿಗೆ ಅದು ಕಾಲಿಗೆ ತೊಡರುವ ಬಳ್ಳಿಯಂತೆ ಕಾಣಬಹುದು. ನನಗೆ ಅದು ಅನುಭವದಿಂದ ಹುಟ್ಟಿದ ವಿವೇಕ. 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ ಆರೋಪ ಬರೆದು ಕೊಡಬೇಕಿತ್ತು, ಉತ್ತರಕ್ಕೆ ಅವಕಾಶ ಕೊಡಬೇಕಿತ್ತು. ಶಿಕ್ಷೆ ನಿರ್ಧರಿಸುವಾಗ ತಪ್ಪಿನ ಗಾತ್ರ, ಆ ನೌಕರನ ಹಿಂದಿನ ನಡತೆ, ತಪ್ಪನ್ನು ಹಗುರ ಮಾಡುವ ಅಥವಾ ಭಾರ ಮಾಡುವ ಸಂದರ್ಭ ಎಲ್ಲವನ್ನೂ ನೋಡಬೇಕಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1971ರಲ್ಲಿ ಸೇರಿದ 11ಎ ಕಲಂ, ತಪ್ಪಿಗಿಂತ ಶಿಕ್ಷೆ ದೊಡ್ಡದಾಗಿದ್ದರೆ ಅದನ್ನು ಇಳಿಸುವ ಅಧಿಕಾರವನ್ನು ಕಾರ್ಮಿಕ ನ್ಯಾಯಾಲಯಕ್ಕೆ ಕೊಟ್ಟಿತು. ಸರ್ಕಾರಿ ನೌಕರರಿಗೆ ಸಂವಿಧಾನದ 311ನೇ ವಿಧಿಯ ರಕ್ಷಣೆ ಇದೆ. ಹೆಣ್ಣುಮಕ್ಕಳ ಪರವಾಗಿಯೇ ಬಂದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ನಿಯಮಗಳೂ ಒಂದೇ ಏಟಿಗೆ ವಜಾ ಮಾಡಿ ಎನ್ನುವುದಿಲ್ಲ. ಲಿಖಿತ ಕ್ಷಮೆಯಾಚನೆ, ಎಚ್ಚರಿಕೆ, ಬಡ್ತಿ ತಡೆ, ಸಂಬಳ ಏರಿಕೆ ತಡೆ, ಆಪ್ತಸಮಾಲೋಚನೆ, ಸಮುದಾಯ ಸೇವೆ, ಕೆಲಸದಿಂದ ವಜಾ ಎಂದು ಹಲವು ಮೆಟ್ಟಿಲುಗಳನ್ನು ಇಟ್ಟಿವೆ. ಯಾವ ಮೆಟ್ಟಿಲು ಎಂಬುದನ್ನು ವಿಚಾರಣೆ ಹೇಳಬೇಕು.

ಈ ಮೆಟ್ಟಿಲುಗಳು ಈಗ ಒಂದೊಂದಾಗಿ ಸವೆಯುತ್ತಿವೆ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ವರ್ಷಗಳ ಕಾಲ ವಿನಾಯಿತಿ ಕೊಡುತ್ತಾ ಬಂತು. ಅದರ ಬದಲಿಗೆ ಕುಂದುಕೊರತೆ ಸಮಿತಿ ಇರಬೇಕು, ಸಸ್ಪೆಂಡ್ ಅಥವಾ ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿದ್ದವು. ಆದರೂ “ಸಂಜೆಯೊಳಗೆ ರಾಜೀನಾಮೆ ಕೊಡು, ಇಲ್ಲದಿದ್ದರೆ ನಿನ್ನ ಸರ್ಟಿಫಿಕೇಟಿನಲ್ಲಿ ಬರೆಯುತ್ತೇವೆ” ಎಂಬ ಮಾತು ಕೇಳಿ ಬಂದ ಹುಡುಗರನ್ನು ನಾನು ನೋಡಿದ್ದೇನೆ. ರಾಜೀನಾಮೆ ಅಂದರೆ ವಜಾ ಲೆಕ್ಕಕ್ಕೆ ಬರುವುದೇ ಇಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಸ್ಟ್ಯಾಂಡಿಂಗ್ ಆರ್ಡರ್ ಕಡ್ಡಾಯವಾಗುವ ಮಿತಿಯನ್ನು 300 ಕಾರ್ಮಿಕರಿಗೆ ಏರಿಸಿದೆ. ಪೀಣ್ಯದ ಶೆಡ್ಡುಗಳಲ್ಲಿ ನಲವತ್ತು, ಎಂಬತ್ತು ಜನ ದುಡಿಯುವ ಎಷ್ಟೋ ಘಟಕಗಳಿಗೆ ಆ ಪುಸ್ತಕ ಇಲ್ಲ.

ಇದನ್ನೆಲ್ಲ ಹೇಳಿದಾಗ, ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ನನ್ನ ಮಗಳು ಒಪ್ಪಲಿಲ್ಲ. “ಅಪ್ಪ, ನೀವು ಎನ್‌ಕ್ವೈರಿ ಎನ್‌ಕ್ವೈರಿ ಅಂತೀರಿ. ಅದು ಮುಗಿಯೋವರೆಗೂ ಆ ಹುಡುಗಿ ಅವನ ಮುಖ ನೋಡ್ಕೊಂಡೇ ದಿನಾ ಕೆಲಸ ಮಾಡಬೇಕಲ್ಲ. ಅವನ ಹೊಟ್ಟೆಪಾಡು ನಿಮಗೆ ಕಾಣುತ್ತೆ, ಅವಳದು ಕಾಣಲ್ವಾ?” ಎಂದಳು. ಮನಸ್ಸಿಗೆ ನಾಟಿದ ಮಾತು ಅದು. ನನ್ನ ಹಳೆಯ ತಪ್ಪಿನ ಮೇಲೇ ಅವಳು ಕೈಯಿಟ್ಟಿದ್ದಳು.

ಅದಕ್ಕೆ ನನ್ನಲ್ಲಿರುವ ಉತ್ತರ ಇಷ್ಟು. ದೂರ ಇಡುವುದು ಬೇರೆ, ಕಿತ್ತುಹಾಕುವುದು ಬೇರೆ. ವಿಚಾರಣೆ ನಡೆಯುವಾಗ ಆರೋಪಿಯನ್ನು ಮೊದಲ 90 ದಿನ ಅರ್ಧ ಸಂಬಳದ ಮೇಲೆ ಸಸ್ಪೆಂಡ್ ಮಾಡಲು ಹಳೆಯ ಕಾನೂನಿನಲ್ಲೇ ದಾರಿ ಇತ್ತು. ಲೈಂಗಿಕ ಕಿರುಕುಳದ ದೂರಾದರೆ ಮಹಿಳೆಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು, ಆರೋಪಿಯನ್ನು ಬೇರೆಡೆಗೆ ವರ್ಗ ಮಾಡಬಹುದು. ಮನಸ್ಸಿದ್ದರೆ ಮೊದಲ ದಿನವೇ ನೊಂದವರಿಗೆ ನೆರಳು ಕೊಡಬಹುದು. ನಮ್ಮ ಸಂಸ್ಥೆಗಳು ಇದನ್ನು ಮಾಡುವುದಿಲ್ಲ. ವಿಡಿಯೊ ಹೊರಬೀಳುವವರೆಗೆ ಏನೂ ಆಗಿಲ್ಲವೆಂಬಂತೆ ಇರುತ್ತವೆ, ಹೊರಬಿದ್ದ ಕೂಡಲೇ ತಲೆ ತೆಗೆಯುತ್ತವೆ. ಹತ್ತು ಸಲ ಮುಚ್ಚಿದ ಬಾಗಿಲಿನ ಹಿಂದೆ ಆಡಿದ ಮ್ಯಾನೇಜರನಿಗೆ ಏನೂ ಆಗುವುದಿಲ್ಲ, ಒಂದು ಸಲ ಮೈಕಿನ ಮುಂದೆ ಆಡಿದ ಟರ್ನರ್ ಮನೆಗೆ ಹೋಗುತ್ತಾನೆ. ಹೆಣ್ಣುಮಕ್ಕಳಿಗೆ ಇದರಿಂದ ಧೈರ್ಯ ಬರುವುದಾದರೂ ಹೇಗೆ?

ಕೆಲಸದಿಂದ ತೆಗೆಯಲೇಬೇಕಾದ ಸಂದರ್ಭಗಳೂ ಇವೆ. ಎಚ್ಚರಿಕೆ ಕೊಟ್ಟ ಮೇಲೂ ಅದೇ ಚಾಳಿ ಮುಂದುವರಿಸಿದವನು. ತನ್ನ ಕೈಕೆಳಗಿನವರನ್ನೇ ಆಡಿಕೊಳ್ಳುವ, ಅವರ ರಜೆ, ಬಡ್ತಿ, ಸಂಬಳಗಳನ್ನು ಕೈಯಲ್ಲಿಟ್ಟುಕೊಂಡ ಮೇಲಧಿಕಾರಿ. ದೂರು ಕೊಟ್ಟವರನ್ನು ಬೆದರಿಸಿದವನು. ಹಾಗೆಯೇ, ಯಾರನ್ನು ಆಡಿಕೊಂಡನೋ ಅವರೇ ನಾಳೆ ಅವನ ಮುಂದೆ ಕೈಕಟ್ಟಿ ನಿಲ್ಲಬೇಕಾದ ಹುದ್ದೆಯಲ್ಲಿರುವವನು. ದಲಿತರ ಬಗ್ಗೆ ಹಗುರವಾಗಿ ಆಡಿದ ಪೊಲೀಸ್ ಅಧಿಕಾರಿಯ ಠಾಣೆಗೆ ದಲಿತನೊಬ್ಬ ಯಾವ ನಂಬಿಕೆಯಿಂದ ದೂರು ತರಬೇಕು? ಹೆಣ್ಣುಮಕ್ಕಳ ಮೈಬಗ್ಗೆ ವೇದಿಕೆಯಲ್ಲಿ ಜೋಕು ಮಾಡಿದ ಮೇಷ್ಟ್ರ ತರಗತಿಗೆ ತಾಯಿ ಮಗಳನ್ನು ಹೇಗೆ ಕಳಿಸಬೇಕು? ಅಲ್ಲಿ ಹುದ್ದೆಯೇ ಆಯುಧ. ಅದನ್ನು ಕೈಯಿಂದ ತೆಗೆಯಲೇಬೇಕು, ಅದೂ ವಿಚಾರಣೆ ಮಾಡಿಯೇ.

ಇನ್ನೊಂದು ಭಯವೂ ನನಗಿದೆ. ಮನನೋಯಿಸುವ ಜೋಕು ಎಂಬ ಮಾತನ್ನು ನೊಂದವರಿಗಿಂತ ಬಲವಾಗಿ ಬಳಸುವವರು ಬಲಿಷ್ಠರು. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಜಾದವ್‌ಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರ, ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರ ಕುರಿತ ವ್ಯಂಗ್ಯಚಿತ್ರವೊಂದನ್ನು ಇಮೇಲಿನಲ್ಲಿ ಕಳಿಸಿದ್ದಕ್ಕೆ ಬಂಧನಕ್ಕೊಳಗಾದರು. ಅವರ ಮೇಲೆ ಹೊರಿಸಿದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ರದ್ದು ಮಾಡಿತು. ಆದರೂ ಪ್ರಕರಣದಿಂದ ಅವರು ಪೂರ್ತಿ ಬಿಡುಗಡೆಯಾದದ್ದು 2023ರಲ್ಲಿ. ಅಧಿಕಾರಸ್ಥರನ್ನು ನೋಡಿ ನಗುವುದು ಕನ್ನಡಿಗರಿಗೆ ಹೊಸದಲ್ಲ. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ ನಕ್ಕಿತು, ಮಾಸ್ಟರ್ ಹಿರಣ್ಣಯ್ಯನವರ ನಾಟಕ ‘ಲಂಚಾವತಾರ’ ನಕ್ಕಿತು. ಊರಿನ ಶಾಸಕನನ್ನು ಅಣಕಿಸಿದ ಗುಮಾಸ್ತನಿಗೂ, ಉಗ್ಗುವ ಹುಡುಗಿಯನ್ನು ಅಣಕಿಸಿದ ಟರ್ನರ್‌ಗೂ ಒಂದೇ ಅಳತೆಗೋಲು ಇಟ್ಟರೆ ಮೊದಲು ಕೆಲಸ ಹೋಗುವುದು ಆ ಗುಮಾಸ್ತನದು. ಯಾರು ಯಾರನ್ನು ನೋಡಿ ನಕ್ಕರು ಎಂಬುದನ್ನು ಕೇಳದ ಶಿಕ್ಷೆ ಕುರುಡು ಶಿಕ್ಷೆ.

ಪೀಣ್ಯದ ಆ ಕಡತ ಹೇಗೆ ಮುಗಿಯಿತು ಎಂದು ಹೇಳಬೇಕು. ಎನ್‌ಕ್ವೈರಿಯ ಎರಡನೇ ದಿನ ಆ ಹುಡುಗಿಯನ್ನು ಸಾಕ್ಷಿಯಾಗಿ ಕರೆಸಿದೆವು. ಅವಳ ಮಾತು ತಡೆತಡೆದು ಬಂತು. ನಾವೆಲ್ಲ ಕಾದೆವು. ನಡಾವಳಿ ಬರೆಯುವವನಿಗೆ ತಡೆಗಳನ್ನು ಬರೆಯಬೇಡ, ಮಾತನ್ನು ಬರಿ ಎಂದೆ. ಏನು ಆಗಬೇಕು ಅಂತ ನಿನಗನ್ನಿಸುತ್ತದಮ್ಮ ಎಂದು ಕೇಳಿದೆ. ಅವಳು ಹೇಳಿದ್ದು ಇದು: “ಅವರ ಕೆಲಸ ತಗೊಂಡು ನಾನೇನು ಮಾಡ್ಲಿ ಸರ್? ಅವರ ಹೆಂಡತಿ ಮಕ್ಕಳು ನನಗೆ ಶಾಪ ಹಾಕ್ತಾರೆ. ಆವತ್ತು ಎಲ್ಲರೂ ನಕ್ಕರಲ್ಲ, ಅವರೆಲ್ಲರ ಮುಂದೆ ತಪ್ಪಾಯ್ತು ಅಂತ ಹೇಳ್ಲಿ. ನಕ್ಕಿದ್ದೋರೂ ಅಲ್ಲಿರ್ಬೇಕು.”

ಆಮೇಲೆ ವಿಡಿಯೊವನ್ನು ಸಾಕ್ಷ್ಯವಾಗಿ ಹಾಕಿಸಿದೆ. ಅವಳ ಕೊನೆಯ ಮಾತು ಕಿವಿಯಲ್ಲಿದ್ದುದರಿಂದ ವೇದಿಕೆ ಬಿಟ್ಟು ಜನರನ್ನು ನೋಡಿದೆ. ಮೊಬೈಲು ಹಿಡಿದವನು ಒಂದೆಡೆ ಕ್ಯಾಮೆರಾವನ್ನು ಮೊದಲ ಸಾಲಿನ ಕಡೆ ತಿರುಗಿಸಿದ್ದ. ಅಲ್ಲಿ ಕುಳಿತಿದ್ದ ದೊಡ್ಡ ಅಧಿಕಾರಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. ಶುಕ್ರವಾರ ಸಂಜೆ ಸಿದ್ಧವಾಗಿದ್ದ ಡಿಸ್‌ಮಿಸಲ್ ಆರ್ಡರಿನ ಕೆಳಗೆ ಸಹಿ ಹಾಕಬೇಕಾಗಿದ್ದವರು ಅವರೇ. ಆ ಭಾಗವನ್ನು ಇನ್ನೊಮ್ಮೆ ಹಾಕಿಸಿದೆ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಆರೋಪ ಸಾಬೀತಾಗಿದೆ ಎಂದು ವರದಿ ಬರೆದೆ. ಶಿಕ್ಷೆ ಹೇಳುವುದು ವಿಚಾರಣಾಧಿಕಾರಿಯ ಕೆಲಸವಲ್ಲ. ಆ ಹುಡುಗಿಯ ಮಾತನ್ನು ಇದ್ದಹಾಗೆ ಸೇರಿಸಿದೆ, ಮೊದಲ ಸಾಲಿನ ದೃಶ್ಯವನ್ನೂ ದಾಖಲಿಸಿದೆ. ಸಂಬಳವಿಲ್ಲದ ನಾಲ್ಕು ದಿನ ಸಸ್ಪೆನ್ಷನ್, ಎರಡು ಇನ್‌ಕ್ರಿಮೆಂಟ್ ತಡೆ ಎಂದು ತೀರ್ಮಾನವಾಯಿತು. ಮನೆಯಲ್ಲಿ ಕೂರಿಸಿದ ದಿನಗಳ ಸಂಬಳ ಆಕೆಗೆ ಸಿಕ್ಕಿತು. ಅದೇ ಕ್ಯಾಂಟೀನಿನಲ್ಲಿ, ಅದೇ ಮೈಕಿನಲ್ಲಿ ಟರ್ನರ್ ಕ್ಷಮೆ ಕೇಳಿದ. ಅವನು ಇಳಿದ ಮೇಲೆ, ಯಾರೂ ಹೇಳದೆಯೇ, ಮೊದಲ ಸಾಲಿನಿಂದ ಆ ಅಧಿಕಾರಿ ಎದ್ದು ಹೋಗಿ ಮೈಕು ತೆಗೆದುಕೊಂಡರು. “ನಾನೂ ನಕ್ಕೆ. ನನ್ನದೂ ತಪ್ಪು” ಎಂದಷ್ಟೇ ಹೇಳಿ ಕೂತರು.

ಸೋಮವಾರ ಆ ಆರ್ಡರಿಗೆ ಸಹಿ ಬಿದ್ದಿದ್ದರೆ ಒಬ್ಬ ಟರ್ನರ್ ಬೀದಿಗೆ ಬೀಳುತ್ತಿದ್ದ, ಕಂಪನಿಯ ಹೆಸರು ಉಳಿಯುತ್ತಿತ್ತು, ಆ ಹುಡುಗಿ ತನ್ನನ್ನು ನೋಡಿ ನಕ್ಕ ನಾನೂರು ಜನರ ನಡುವೆ ತಲೆ ತಗ್ಗಿಸಿ ಪೆಟ್ಟಿಗೆ ಕಟ್ಟುತ್ತಿದ್ದಳು. ಆ ನಾನೂರು ಜನಕ್ಕೆ ತಾವು ನಕ್ಕದ್ದು ನೆನಪೂ ಇರುತ್ತಿರಲಿಲ್ಲ. ಜೋಕು ಮಾಡಲು ಒಬ್ಬ ಸಾಕು, ಅದನ್ನು ಅವಮಾನವಾಗಿಸಲು ನಗುವವರು ಬೇಕು. ಅವರನ್ನು ಎದ್ದು ನಿಲ್ಲಿಸುವ ಶಿಕ್ಷೆಯನ್ನು ನಮ್ಮ ಸಂಸ್ಥೆಗಳು ಕಲಿಯಬೇಕು.